ತವರು ಬಿಟ್ಟು ಹೊರಡದ ಕಡಲಮ್ಮ

ಲುಕಾಂಗ್, ಮಂಗಳವಾರ

ಅಮ್ಮಾ,

ನೀನು ಬರಲು ಒಲ್ಲೆನೆಂದು ಕೆಂಪು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ ನಮ್ಮ ಮನೆಯ ಪುಟ್ಟ ದೇವಿ ಕಡಲಮ್ಮ ಕ್ಷೇಮವಾಗಿ ತನ್ನ ತವರು ಗುಡಿ ಸೇರಿದಳು. ನಿನ್ನೂರಿನ ಈ ಗುಡಿಯನ್ನು ಮೊದಲ ಸಲ ನೋಡಿದೆ. ಇಲ್ಲಿನ ಮೂಲ ಮೂರ್ತಿ, ದೊಡ್ಡ ಕಡಲಮ್ಮನ ಮುಖ ನೂರಾರು ವರ್ಷಗಳ ಊದುಬತ್ತಿಯ ಹೊಗೆಗೆ ಕಾಡಿಗೆಯಂತೆ ಕಪ್ಪಾಗಿದೆ. ನಮ್ಮ ಪುಟ್ಟ ಮೂರ್ತಿಯನ್ನು ಅವಳೆದುರಿನ ಹೊಗೆಯಲ್ಲಿ ಹಾಯಿಸಿದೆ, ಅವಳ ಶಕ್ತಿ ಇವಳಿಗೂ ಬರಲೆಂದು.

ಆಮೇಲೆ “ಹೊರಡೋಣವಾ?” ಎಂದು ನಮ್ಮ ಕಡಲಮ್ಮನನ್ನು ಕೇಳಿ ಮರದ ಜೋಡಿ ಬಿಲ್ಲೆ ಎಸೆದೆ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ತಾನೇ ಒಪ್ಪಿಗೆ? ಎರಡೂ ಬೋರಲು ಬಿದ್ದವು. ಮೂರು ದಿನದಿಂದ ಇದೇ ಆಗುತ್ತಿದೆ. ಇವತ್ತು ಗುಡಿಯಲ್ಲಿ ಊದುಬತ್ತಿಯ ಬೂದಿ ತೆಗೆಯುವ ಅಜ್ಜಿ ನಕ್ಕರು.

“ತವರಿಗೆ ಬಂದವಳನ್ನ ದಿನಾ ಹೊರಡು ಹೊರಡು ಅಂತೀಯಲ್ಲೇ. ಯಾರಿಗೆ ಕಾಯ್ತಿದಾಳೆ ಅಂತ ಕೇಳು.”

ನಿನ್ನ ಹೆಸರು ಹೇಳಿ ಎಸೆದೆ. ಒಂದು ಅಂಗಾತ, ಒಂದು ಬೋರಲು. ಮೂರು ಸಲವೂ ಹಾಗೇ.

ಉಳಿದುಕೊಂಡಿರುವುದು ಸೋದರಮಾವನ ಮನೆಯಲ್ಲಿ, ಬೈಯಬೇಡ. ಇಪ್ಪತ್ತು ವರ್ಷದ ಜಗಳ ನಿಮ್ಮಿಬ್ಬರದು, ನನ್ನದಲ್ಲ. ಹೊಗೆಗೆ ಕೆಮ್ಮು ಹಿಡಿದಿತ್ತು, ಅವನ ಶುಂಠಿ ಕಷಾಯದಿಂದ ಈಗ ವಾಸಿ. ಬಿಲ್ಲೆ ಬಿದ್ದ ವಿಷಯ ಹೇಳಿದೆ. ಎದ್ದುಹೋಗಿ ಬಕೆಟ್ಟು ತಂದ. ಈಗ ನಿನ್ನ ಹಳೆಯ ಕೋಣೆಯ ಕಿಟಕಿ ತೊಳೆಯುತ್ತಿದ್ದಾನೆ.

ಕಾರ್ಡು ತುಂಬಿತು.

ಬಿಯುನ್