ಕೆರೆಗಿಳಿದವರು ಯಾರು

ಕೇಪ್‌ಟೌನ್
ಆಗಸ್ಟ್ ೧೪

ಮಾನ್ಯ ಥೆರಾನ್ ಅವರಿಗೆ,

ನಾನು ಕ್ಷಮಾಪಣೆ ಬರೆದುಕೊಟ್ಟರೆ ಮಾತ್ರ ನನ್ನ ಗೆಳೆಯ ಕರ್ಟ್ಲಿಯ ಕೆಲಸ ಉಳಿಯುತ್ತದೆ ಎಂದು ಹೇಳಿಕಳಿಸಿದ್ದೀರಿ. ನಾನು ಶಾಲೆ ಬಿಟ್ಟವನು. ಬರೆಯಲು ಬರುತ್ತದೆ, ಸುಳ್ಳು ಬರೆಯಲು ಬರುವುದಿಲ್ಲ.

ನಿಮ್ಮ ದ್ರಾಕ್ಷಿತೋಟದ ಹೋಟೆಲಿಗೆ ಬಂದದ್ದು ಅಲ್ಲಿ ಊಟ ಬಡಿಸುವ ಕರ್ಟ್ಲಿಯನ್ನು ನೋಡಲು. ಅವನು ನನ್ನನ್ನೂ ಅತಿಥಿಗಳ ಜೊತೆ ಕೂರಿಸಿ, ಕೆರೆಯಲ್ಲಿ ಬೆಳೆಯುವ ನೀರುಹೂವು ಹಾಕಿ ಬೇಯಿಸಿದ ಕುರಿಮಾಂಸ, ಕೆಂಡದ ಮೇಲೆ ಸುಟ್ಟ ರೊಟ್ಟಿ ಬಡಿಸಿದ. ಊಟ ಬಹಳ ಚೆನ್ನಾಗಿತ್ತು. ನಿಮ್ಮ ವೈನ್ ನಿಮ್ಮ ಮುಖದಷ್ಟೇ ಹುಳಿಯಾಗಿತ್ತು.

ಆಮೇಲೆ ಕರ್ಟ್ಲಿ ನೀವು ಕಲಿಸಿದ ಪಾಠ ಒಪ್ಪಿಸಿದ: "ಈ ಹೂಗಳನ್ನ ನಮ್ಮ ಬಾಣಸಿಗರೇ ಬೆಳಿಗ್ಗೆ ಕೆರೆಗಿಳಿದು ಕಿತ್ತು ತಂದಿದ್ದಾರೆ."

ಹೊಳೆಯುವ ಒಣ ಬೂಟು ಹಾಕಿದ್ದ ಬಾಣಸಿಗ ತಲೆಬಾಗಿ ವಂದಿಸಿದ. ಅಷ್ಟರಲ್ಲಿ ಕರ್ಟ್ಲಿಯ ತಾಯಿ, ಆಂಟಿ ಲೀನಾ, ಎದೆಮಟ್ಟಕ್ಕೆ ಒದ್ದೆಯಾಗಿ, ಆಗಸ್ಟಿನ ಚಳಿಗೆ ನಡುಗುತ್ತಾ, ಇನ್ನೊಂದು ಬುಟ್ಟಿ ಹೂ ಹೊತ್ತು ನಮ್ಮ ಮುಂದೆಯೇ ಹಾದುಹೋಗುತ್ತಿದ್ದರು.

"ಆಂಟಿ, ಕೆರೆಗಿಳಿದಿದ್ದು ಬಾಣಸಿಗರಂತೆ, ನೀವ್ಯಾಕೆ ಒದ್ದೆ?" ಎಂದು ಕೇಳಿದೆ.

"ಬಾಯಿ ಮುಚ್ಕೊಂಡು ತಿನ್ನೋ, ಕಪಿ," ಎಂದರು.

ಅತಿಥಿಗಳೆಲ್ಲ ನಕ್ಕರು. ನಿಮ್ಮ ಸಿಟ್ಟು ಅದಕ್ಕೇ ತಾನೆ?

ಕ್ಷಮೆ ಕೇಳಲಾರೆ. ಆದರೂ ಕರ್ಟ್ಲಿಯನ್ನು ತೆಗೆಯಬೇಡಿ. ಆಂಟಿ ಲೀನಾಗೆ ನೀರಿಗಿಳಿಯಲು ಒಂದು ರಬ್ಬರ್ ಉಡುಪು ಕೊಡಿಸಿ. ಕರ್ಟ್ಲಿಯ ನಿಷ್ಠೆಯ ಬಗ್ಗೆ ನಿಮಗೆ ಅನುಮಾನವೇ ಬೇಡ. ನಗು ನಿಂತ ಮೇಲೆ, ಹೆತ್ತ ತಾಯಿ ಎದುರಿಗೇ ನಡುಗುತ್ತಾ ನಿಂತಿದ್ದಾಗ, ಅವನು "ನಮ್ಮ ಬಾಣಸಿಗರೇ" ಎಂದು ಇನ್ನೊಮ್ಮೆ ಹೇಳಿದ. ನಿಮಗೆ ಇಂಥ ಆಳು ಬೇರೆಲ್ಲಿ ಸಿಗುತ್ತಾನೆ?

ಇತಿ,
ಡಿಲನ್ ಫೋರ್ಟೆನ್