ಚಿಕ್ಕಮ್ಮ ಹೊಲಿದ ಗರ್ಭಕೋಶ

ಹೊಲಿಗೆಯಂತ್ರಾಧೀಶ್ವರಿಯೂ ನನ್ನ ಎಡಗಿವಿ ಹಿಂಡುವ ಏಕೈಕ ಹಕ್ಕುದಾರಳೂ ಆದ ಚಿಕ್ಕಮ್ಮನವರ ಸನ್ನಿಧಾನಕ್ಕೆ,

ಆರೋಪಿಯು ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಶಾಲೆಗೆ ಲಸಿಕೆ ಹಾಕಲು ಬಂದ ನರ್ಸಮ್ಮನ ಪಾಠಕ್ಕೆಂದು ನೀನು ಯೂನಿಫಾರ್ಮಿನ ತುಂಡುಬಟ್ಟೆಯಲ್ಲಿ ಹೊಲಿದು, ಹತ್ತಿ ತುಂಬಿ, ಎರಡು ನಾಳ ಚಾಚಿಸಿ ಕೊಟ್ಟಿದ್ದ ಗರ್ಭಕೋಶವನ್ನು ಪ್ರಯೋಗಾಲಯದ ಅಸ್ಥಿಪಂಜರಕ್ಕೆ ಟೊಪ್ಪಿಗೆಯಾಗಿ ತೊಡಿಸಿದವನು ನಾನೇ. ಟೊಪ್ಪಿಗೆ ಅದಕ್ಕೆ ಚೆನ್ನಾಗಿಯೇ ಒಪ್ಪಿತ್ತೆಂಬುದನ್ನು ನ್ಯಾಯಪೀಠ ಗಮನಿಸಬೇಕು.

ತರಗತಿ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಾಸ್ಟರ್ ನಗಲಿಲ್ಲ. ಅವರಿಗೆ ಮೊದಲೇ ಆ ಪಾಠ ಬೇಡವಾಗಿತ್ತು. ನಾನು ನೆಪವನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ. "ನೋಡಿದ್ರಾ ಸಿಸ್ಟರ್, ಇವಕ್ಕೆಲ್ಲ ಇದು ತಮಾಷೆ. ಪಾಠಾನೂ ಬೇಡ, ಲಸಿಕೇನೂ ಬೇಡ. ಕ್ಯಾನ್ಸಲ್!" ಎಂದರು. ನರ್ಸಮ್ಮ ಪಾಲಕರ ಒಪ್ಪಿಗೆ ಪತ್ರಗಳನ್ನು ಚೀಲಕ್ಕೆ ತುಂಬತೊಡಗಿದಾಗ ನನ್ನ ನಗು ನಿಂತಿತು.

ಯೂನಿಫಾರ್ಮಿನ ಅಳತೆ ತೆಗೆಯಲು ಬಂದು ಹಿಂದಿನ ಬೆಂಚಿನಲ್ಲಿ ಕಾಯುತ್ತಿದ್ದ ನೀನು ಆಗ ಎದ್ದೆ. ಒಳಉಡುಪಿನ ಅಳತೆಯನ್ನೂ ಪಿಸುಗುಟ್ಟಿ ಕೇಳುವ ನೀನು! ನೆಟ್ಟಗೆ ಹೋಗಿ ಅಸ್ಥಿಪಂಜರದ ತಲೆಯಿಂದ ಅದನ್ನು ತೆಗೆದು, ಧೂಳು ಕೊಡವಿದೆ.

"ಸಾರ್, ಇದನ್ನ ಹೊಲಿದೋಳು ನಾನು. ನನ್ನದನ್ನ ಏಳು ವರ್ಷದ ಹಿಂದೆ ತೆಗೆದುಬಿಟ್ರು. ಇಲ್ಲಿ, ಈ ಬಾಯಿ ಹತ್ರ ಕ್ಯಾನ್ಸರ್ ಆಗಿತ್ತು. ಅದನ್ನ ತರೋ ಎಚ್‌ಪಿವಿ ಅನ್ನೋ ವೈರಸ್ ಒಂದಿದೆ ಅಂತ ನಂಗೆ ಗೊತ್ತಾಗಿದ್ದೇ ಆಸ್ಪತ್ರೆ ಮಂಚದ ಮೇಲೆ."

ನಮಗೆ ಮನೆಯಲ್ಲಿ ಹೇಳಿದ್ದು 'ಹೊಟ್ಟೆ ಆಪರೇಷನ್' ಎಂದಷ್ಟೇ.

ಮುಂದಿನ ಸಾಲಿನ ಹುಡುಗಿ, "ಅದು ಕೆಟ್ಟೋರಿಗೆ ಬರೋದಲ್ವಾ ಆಂಟಿ?" ಎಂದಳು. ನೀನು ಗದರಲಿಲ್ಲ. "ವೈರಸ್ಸು ನಡತೆ ಸರ್ಟಿಫಿಕೇಟ್ ಕೇಳುತ್ತೇನಮ್ಮಾ? ಒಂದೇ ಒಂದು ಸಲ ದೈಹಿಕ ಸಂಬಂಧ ಆದ್ರೂ ಅಂಟಬಹುದು, ಹೆಂಗಸ್ರಿಗೂ ಗಂಡಸ್ರಿಗೂ. ಸುಮಾರು ಜನಕ್ಕೆ ತಾನಾಗೇ ಹೋಗುತ್ತೆ. ನಂಗೆ ಹೋಗ್ಲಿಲ್ಲ. ಅದಕ್ಕೇ ಮುಂಚೇನೇ ಲಸಿಕೆ ಹಾಕಿಸ್ಕೊಳ್ಳಿ ಅನ್ನೋದು. ಬಟ್ಟೆ ಹರಿದ ಮೇಲೆ ಅಂಚು ಹೊಲಿದ್ರೆ ಏನು ಬಂತು?" ಎಂದೆ. ಕೊರಳಿನ ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದೆ, ಬೆರಳು ಕೆಂಪೇರಿತ್ತು. ನಾನು ನೋಡಿದೆ ಚಿಕ್ಕಮ್ಮ.

ಹೆಡ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ನನ್ ಮಗಳಿಗೂ ಹದಿಮೂರು," ಎಂದರು ಯಾರಿಗೋ ಎಂಬಂತೆ. ಆಮೇಲೆ, "ಸಿಸ್ಟರ್, ಪಾಠಕ್ಕೆ ಎಷ್ಟು ಹೊತ್ತು ಬೇಕು?"

ಎರಡು ಪೀರಿಯಡ್ ಹಿಡಿಯಿತು. ಗಣಿತ ರದ್ದಾಗಿದ್ದಕ್ಕೆ ನಿನಗೆ ಪ್ರತ್ಯೇಕ ಕೃತಜ್ಞತೆ. ಹುಡುಗರಿಗೂ ಲಸಿಕೆ ಉಂಟು ಎಂದು ಗೊತ್ತಾದದ್ದೇ ತಡ, ಅಮ್ಮನಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ತಂದು ಸಾಲಿನಲ್ಲಿ ಮೊದಲು ನಿಂತವನು ಈ ಆರೋಪಿ. ಸೂಜಿ ಚುಚ್ಚಿದಾಗ ಕಿರುಚಿದನೆಂಬ ವದಂತಿ ಸತ್ಯ. "ಆ ಟೈಲರಮ್ಮ ಯಾರೋ?" ಎಂದು ಪಕ್ಕದವನು ಒಂದು ಸಲ ಕೇಳಿದ, "ನಮ್ಮ ಚಿಕ್ಕಮ್ಮ" ಎಂದು ನಾನು ಮೂರು ಸಲ ಹೇಳಿದೆ, ಕೊನೆಯ ಸಲ ಕಾರಿಡಾರಿಗೂ ಕೇಳುವಂತೆ.

ಟೊಪ್ಪಿಗೆಯ ವಿಷಯಕ್ಕೆ ಕ್ಷಮೆ ಇರಲಿ. ಇದು ತಮಾಷೆಯಲ್ಲ.

ಹಿರಿಯರನ್ನು ಹರಸುವ ಅಧಿಕಾರ ಕಿರಿಯನಿಗಿಲ್ಲ, ಆದರೂ ಹರಸುತ್ತೇನೆ. ನಿನ್ನ ಪ್ರತಿ ತಪಾಸಣೆಯ ವರದಿಯೂ ಚೆನ್ನಾಗಿಯೇ ಬರಲಿ. ನಮ್ಮನ್ನೆಲ್ಲ ಬೈಯುತ್ತಾ ನೂರು ವರ್ಷ ಬಾಳು.

ಇಂತಿ, ನಿನ್ನ ಅಕ್ಕನ ಮಗ,
ಕೋತಿ