ಹಠಾತ್ತನೆ ಅಲ್ಲ

ಟ್ರೋಯಾನ್, ಅಕ್ಟೋಬರ್ 29

ಪ್ರೀತಿಯ ವೆಲ್ಕೋ ಅಣ್ಣನಿಗೆ,

ನೀನೂ ಅತ್ತಿಗೆಯೂ ಕ್ಷೇಮವೆಂದು ನಂಬಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಕ್ಷಮಿಸು. ನೀನು ಗದರಿದರೆ ನಾನು ಹೂಂಗುಟ್ಟಿ ಫೋನ್ ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ಪೂರ್ತಿ ಹೇಳಬಲ್ಲೆ.

ಅಮ್ಮನ ನಲವತ್ತನೆಯ ದಿನಕ್ಕೆ ಊರವರು ಓದಲೆಂದು ಬಾಗಿಲಿಗೆ ಅಂಟಿಸುವ ಸ್ಮರಣೆಯ ಹಾಳೆಗೆಂದು ನೀನು ಕಳಿಸಿದ ಸಾಲು ಓದಿದೆ: 'ಹಠಾತ್ತನೆ ನಮ್ಮನ್ನಗಲಿದ ಸ್ತಾಂಕಾ.' ತೀರಿಕೊಂಡ ದಿನದ ಹಾಳೆಯಲ್ಲೂ ಅದೇ ಇತ್ತು. "ಸಾಹಿತ್ಯ ಓದಿದವಳಲ್ವಾ, ಸ್ವಲ್ಪ ಚೆಂದ ಮಾಡು" ಎಂದಿದ್ದೀಯ. ಮಾಡುವುದಿಲ್ಲ.

ಆ ಮೊದಲ ಹಾಳೆ ಓದಿ ಎದುರುಮನೆಯ ಗಿನಾ ಅಜ್ಜಿ ಕೋಲು ಕುಟ್ಟಿದ್ದಳು. "ಹಠಾತ್ತಂತೆ! ಮೂರು ವರ್ಷದಿಂದ ಎಂಟು ಮೆಟ್ಟಿಲು ಹತ್ತೋಕೆ ಎರಡು ಸಲ ಕೂರ್ತಿದ್ಳು. ನಿಮಗೇನು ಕಣ್ಣಿರಲಿಲ್ವೇನೇ?" ಇತ್ತು ಅಣ್ಣ. ಅಮ್ಮ ಏದುಸಿರು ಬಿಟ್ಟಾಗಲೆಲ್ಲ ಅಂಗಳದಲ್ಲಿ ಮೆಣಸಿನಕಾಯಿ ಸುಟ್ಟ ಹೊಗೆ ಎಂದೆವು. ಚಳಿಗಾಲಕ್ಕೆ ಕೂಡಿಡಲು ಸೆಪ್ಟೆಂಬರಿನಲ್ಲಿ ಸುಡುವ ಮೆಣಸಿನಕಾಯಿಯನ್ನು ಜನವರಿಯಲ್ಲಿ ಯಾರು ಸುಡುತ್ತಾರೆ?

ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರು ನಮ್ಮಿಬ್ಬರಿಗೂ ಬಿಡಿಸಿ ಹೇಳಿದ್ದರು. "ಹೃದಯದ ಕವಾಟ ಹೊಸದು ಹಾಕ್ತೀವಿ. ಆದ್ರೆ ಹಳೇದು ಕಿರಿದಾಗಿ ಎಷ್ಟೋ ವರ್ಷ ಆಗಿದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಕೂತಿದೆ. ಅದಕ್ಕೆ ಎದುರಾಗಿ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ದಣಿದಿದೆ. ಆಪರೇಷನ್ ಆದ್ಮೇಲೆ ಅದು ಸೋತುಬಿಡಬಹುದು. ಅವರಿಗೂ ಹೇಳಿ."

ನೀನೇನೆಂದೆ? "ಅವಳಿಗ್ಯಾಕೆ ಡಾಕ್ಟ್ರೇ? ಹೆದರಿ ಇಲ್ಲೇ ಸಾಯ್ತಾಳೆ." ನಮ್ಮವರ ರೂಢಿಯೇ ಇದು. ಜೀವ ಒಬ್ಬರದು, ಸುದ್ದಿ ಉಳಿದವರದು. ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಅಮ್ಮನ ಮುಂದಿಟ್ಟು ನೀನು, "ಸಹಿ ಹಾಕಮ್ಮ, ಹಾಸಿಗೆ, ಊಟದ್ದು" ಎಂದೆ. ಅವಳು ನಕ್ಕು, "ಊಟಕ್ಕೆ ಇಷ್ಟುದ್ದದ ಕಾಗದವೇ? ಏನು ಬಡಿಸ್ತಾರಪ್ಪಾ!" ಎಂದು ಸಹಿ ಹಾಕಿದಳು. ಆಪರೇಷನ್ನಾದ ಮೂರನೆಯ ದಿನ ಬಲಭಾಗ ಸೋತಿತು. ಹೊಸ ಕವಾಟ ಚೆನ್ನಾಗಿಯೇ ಇತ್ತಂತೆ.

ತಿಳಿದಿದ್ದರೂ ಒಪ್ಪುತ್ತಿದ್ದಳೇನೋ. ಒಪ್ಪದೆ ಮನೆಗೆ ಬಂದು ಮೆಣಸಿನಕಾಯಿ ಸುಡುತ್ತಿದ್ದಳೇನೋ. ಕೇಳಬೇಕಿತ್ತು.

ಹೊಸ ಹಾಳೆ ನಾನೇ ಬರೆದು ಅಂಟಿಸಿದ್ದೇನೆ: 'ಏನನ್ನೂ ತಿಳಿಸದೆ ನಾವು ಕಳಿಸಿಕೊಟ್ಟ ಸ್ತಾಂಕಾ.' ಗಿನಾ ಅಜ್ಜಿ ಓದಿ, ಅದರ ಮಡಿಚಿದ ಮೂಲೆಯನ್ನು ಬೆರಳಿನಿಂದ ಒತ್ತಿ ಹೋದಳು. ನೀನು ಬಂದು ಕಿತ್ತರೆ ಇನ್ನೊಂದು ಅಂಟಿಸುತ್ತೇನೆ.

ಶನಿವಾರ ಬಾ. ಸಮಾಧಿಯ ಬಳಿ ಹಂಚಲು ಗೋಧಿ ಬೇಯಿಸಿರುತ್ತೇನೆ. ದಾರಿಯಲ್ಲಿ ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಜೊರ್ನಿತ್ಸಾ

ಮರೆತ ಮಾತು: 'ನಾವು' ಎಂದು ಯಾಕೆ ಬರೆದೆ ಎಂದು ಕೇಳುತ್ತೀಯ. ಆಪರೇಷನ್ನಿನ ಹಿಂದಿನ ಸಂಜೆ ನೀನು ಕಾಫಿಗೆ ಹೋದಾಗ ಅಮ್ಮ ನನ್ನ ಕೈ ಹಿಡಿದು, "ನಿನಗೆ ಸುಳ್ಳು ಹೇಳೋಕೆ ಬರಲ್ಲ. ಡಾಕ್ಟ್ರು ಏನಂದ್ರು?" ಎಂದಳು. ನಾನು ನೆಲ ನೋಡುತ್ತಾ, "ಏನಿಲ್ಲಮ್ಮ, ಬಂದು ಮೆಣಸಿನಕಾಯಿ ಸುಡೋಣ" ಎಂದೆ. ಅವಳು ಕೈ ಬಿಟ್ಟಳು. "ಸರಿ. ನೀನೂ ಕಲಿತೆ" ಎಂದಳು.